ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಂಡ ತಪ್ಪಿಗೆ

ಹಿರಿಯರ ಕ್ರೋಕೆ ಲೀಗನ್ನು ಆಳುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ತಂಡವನ್ನು ನೀವು ಲೀಗಿನಿಂದ ಹೊರಗೆ ಹಾಕಿದ್ದೀರಿ. ‘ಪದೇ ಪದೇ ಚೆಂಡನ್ನು ಕೈಯಿಂದ ಮುಟ್ಟಿ ಅನುಚಿತ ಲಾಭ ಪಡೆಯುವ ಪ್ರವೃತ್ತಿ’ ಎನ್ನುವುದು ನೀವು ಕೊಟ್ಟಿರುವ ಕಾರಣ. ಎಪ್ಪತ್ತು ದಾಟಿದ ಇಬ್ಬರು ಹೆಂಗಸರಲ್ಲಿ ಇಷ್ಟೊಂದು ಕುಟಿಲತೆಯನ್ನು ಪತ್ತೆ ಮಾಡಿದ ತಮ್ಮ ಸೂಕ್ಷ್ಮದೃಷ್ಟಿಗೆ ಮೊದಲು ನನ್ನ ಅಭಿನಂದನೆ. ಇದೇ ದೃಷ್ಟಿ ಸ್ವಲ್ಪ ಮುಂಚೆ, ಈಗ ಮುಳುಗಿರುವ ಬ್ಯಾಂಕುಗಳ ಮೇಲೆ ಬಿದ್ದಿದ್ದರೆ ಈ ದೇಶಕ್ಕೆ ಇವತ್ತಿನ ಗತಿ ಬರುತ್ತಿರಲಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ, ಸಿಬ್ಬಂದಿ ಕಡಿತವಾಗಿದೆ, ಸಂದೇಶ ಬಿಡಿ ಎಂದು ಯಂತ್ರ ಹೇಳುತ್ತದೆ. ಯಂತ್ರದ ಜೊತೆ ಜಗಳವಾಡಲು ನನಗೆ ಬರುವುದಿಲ್ಲ. ಆದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನನಗೆ ಸಿಟ್ಟು ಸರಿಯಾಗಿ ಬರುವುದಿಲ್ಲ. ನಿಮಗೆ ಓದಿ ಹೇಳಲು ಈ ಕಡೆ ನಮ್ಮವರು ಬೇಕಾದಷ್ಟು ಜನ ಇದ್ದಾರೆ.

ಆರೋಪಿಗಳ ಪರಿಚಯ ಮಾಡಿಕೊಡುತ್ತೇನೆ. ನಾನು ಮೈಸೂರಿನವಳು, ಈ ದೇಶದಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತಳಾದವಳು. ನನ್ನ ಜೊತೆಗಾತಿ ಗಂಗವ್ವ ಧಾರವಾಡದ ಕಡೆಯವರು, ಇಲ್ಲೇ ಹತ್ತಿರದ ನಾರ್ತ್‌ವಿಲ್‌ನಲ್ಲಿ ಮಗ ಕಲ್ಮೇಶನ ಜೊತೆ ಇದ್ದಾರೆ. ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ, ಬಿಳಿ ಟೋಪಿಯ ಕೆಲವರು ಮರದ ಸುತ್ತಿಗೆಯಿಂದ ಚೆಂಡು ಹೊಡೆದು ತಂತಿಯ ಕಮಾನಿನೊಳಗೆ ತೂರಿಸುತ್ತಿದ್ದರು. ಅದೇ ನಿಮ್ಮ ಕ್ರೋಕೆ. ಓಡುವ ಹಾಗಿಲ್ಲ, ಹಾರುವ ಹಾಗಿಲ್ಲ, ನಮ್ಮ ಸರದಿ ಬರುವವರೆಗೆ ನಿಂತು ಇನ್ನೊಬ್ಬರ ಆಟಕ್ಕೆ ಹೆಸರಿಡಬಹುದು. ನಮಗೆಂದೇ ಹೇಳಿ ಮಾಡಿಸಿದ ಆಟ. ಗಂಗವ್ವ ಸುತ್ತಿಗೆಯನ್ನು ಕೈಯಲ್ಲಿ ತೂಗಿ ನೋಡಿ, “ಇದು ನಮ್ಮ ಕೊಡತಿನ ಅಲ್ಲೇನ್ರಿ ಡಾಕ್ಟರ್ ಬಾಯಾರ, ಹಿಡಿಕಿ ಅಷ್ಟ ಉದ್ದ ಮಾಡ್ಯಾರ” ಎಂದರು. ಮೊದಲ ಏಟಿಗೇ ಚೆಂಡು ಕಮಾನು ದಾಟಿತು. ಆ ವಾರವೇ ನಿಮ್ಮ ಲೀಗಿಗೆ ಹೆಸರು ಕೊಟ್ಟೆವು. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ನನ್ನ ತಂಗಿ ಪದ್ಮ ಫೋನಿನಲ್ಲಿ, “ಈ ವಯಸ್ಸಲ್ಲಿ ಯಾಕಕ್ಕಾ ಇದೆಲ್ಲ, ಭಜನೆಗೆ ಜಾಯಿನ್ ಆಗಬಾರದಾ?” ಎಂದಳು. ಭಜನೆಯಲ್ಲಿ ಸೋಲಿಸೋದಕ್ಕೆ ಯಾರೂ ಇರೋಲ್ಲ ಕಣೇ ಎಂದೆ.

ಇನ್ನು ಅಪರಾಧದ ವಿಷಯ. ಗಂಗವ್ವ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ಆಡುವವರು. ನಡೆಯುವಾಗ ಒಮ್ಮೊಮ್ಮೆ ಕಾಲು ಚೆಂಡಿಗೆ ತಾಗುತ್ತದೆ. ತಾಗಿದೊಡನೆ ಅವರು ಬಗ್ಗಿ, ಬಲಗೈಯಿಂದ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಪುಸ್ತಕಕ್ಕೆ, ಮನುಷ್ಯರಿಗೆ, ದುಡಿಯುವ ಸಾಮಾನಿಗೆ ಕಾಲು ತಾಗಿದರೆ ನಾವು ಹೀಗೆ ತಪ್ಪೊಪ್ಪಿಕೊಳ್ಳುತ್ತೇವೆ. ನಿಮ್ಮ ಲೀಗಿನಲ್ಲಿ ಕಾಲು ತಾಗಿದರೆ ಒಂದು ಸರದಿ ಹೋಗುತ್ತದೆ, ಕೈ ತಾಗಿದರೆ ಪಂದ್ಯವೇ ಹೋಗುತ್ತದೆ. ಅಂದರೆ ತಪ್ಪಿಗಿಂತ ಕ್ಷಮೆ ಕೇಳುವುದು ದೊಡ್ಡ ತಪ್ಪು. ಇಂಥ ನ್ಯಾಯವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಸ್ವಾಮಿ? ಇನ್ನು ಆ ‘ಅನುಚಿತ ಲಾಭ’. ಗಂಗವ್ವನ ನಮಸ್ಕಾರಕ್ಕೆ ಚೆಂಡು ಸರಿಯುವುದೇ ಅರ್ಧ ಬೆರಳು, ಅದೂ ಹೆಚ್ಚಾಗಿ ಉಲ್ಟಾ ದಿಕ್ಕಿಗೆ. ಎದುರು ತಂಡದ ಗೃಹಸ್ಥರೊಬ್ಬರು ಪ್ರತಿ ಏಟಿಗೂ ಮುಂಚೆ ತಮ್ಮ ಸುತ್ತಿಗೆಗೆ ಮುತ್ತು ಕೊಡುತ್ತಾರೆ. ಏಟು ತಪ್ಪಿದರೆ ಅದೇ ಸುತ್ತಿಗೆಗೆ ಬೈಯುತ್ತಾರೆ. ಎರಡಕ್ಕೂ ನಿಮ್ಮಲ್ಲಿ ದಂಡವಿಲ್ಲ.

ನಾವು ತಿದ್ದಿಕೊಳ್ಳಲು ಪ್ರಯತ್ನಿಸಲಿಲ್ಲ ಎನ್ನಬೇಡಿ. ಗಂಗವ್ವನ ಮೊಮ್ಮಗಳು ಅಕ್ಷರಾ, “ಅಜ್ಜಿ, ಜಸ್ಟ್ ಡೋಂಟ್ ಟಚ್ ಇಟ್” ಎಂದು ಕೈಮುಗಿದು ಬೇಡಿಕೊಂಡಳು. “ಕಾಲು ತಾಗಿದ ಮ್ಯಾಲ ಹಂಗ ಬಿಟ್ಟು ಹೆಂಗ ಹೋಗೂದವಾ? ಮೈಯೆಲ್ಲಾ ಚುಳುಚುಳು ಅಂತದ” ಎಂದರು ಗಂಗವ್ವ. ಕೊನೆಗೆ ನಾನು ಡಾಕ್ಟರ ಗತ್ತಿನಲ್ಲಿ, ಇದು ಬರೀ ಅಭ್ಯಾಸ, ಮನಸ್ಸು ಗಟ್ಟಿ ಮಾಡಿದರೆ ಕೈ ಸುಮ್ಮನಿರುತ್ತದೆ ಎಂದು ಹುಲ್ಲಿನ ಮೇಲೇ ಭಾಷಣ ಬಿಗಿದೆ. ಭಾಷಣ ಮಾಡುತ್ತ ಹಿಂದೆ ಸರಿದಾಗ ನನ್ನ ಹಿಮ್ಮಡಿ ಚೆಂಡಿಗೆ ತಾಗಿತು. ನನಗೆ ಅರಿವಾಗುವಷ್ಟರಲ್ಲಿ ನನ್ನ ಬೆರಳುಗಳು ನನ್ನ ಕಣ್ಣಿನ ಮೇಲಿದ್ದವು. ನಿಮ್ಮ ಅಂಪೈರ್ ಅದನ್ನೂ ಬರೆದುಕೊಂಡರು. ಗಂಗವ್ವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಮನೆಯಲ್ಲಿ ಕೂರುತ್ತಿದ್ದೆ. ಕಲ್ಮೇಶನ ವಿಷಯ ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯಬೇಕಾಯಿತು. ದಿನಾ ಡಿಯರ್‌ಬಾರ್ನ್‌ಗೆ ಡ್ರೈವ್ ಮಾಡಿ ಕಾರು ಕಂಪನಿಯಲ್ಲಿ ದುಡಿಯುತ್ತಿದ್ದ ಎಂಜಿನಿಯರ್ ಅವನು. ಚಳಿಗಾಲದಲ್ಲಿ ಕೆಲಸ ಹೋಯಿತು. ಮೊದಮೊದಲು, “ಅಪ್ಲೈ ಮಾಡೇನ್ರಿ ಆಂಟಿ, ನೋಡೂಣು” ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಪರದೆ ಎಳೆದು ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಾಳೆ, ನನ್ನ ಕಣ್ಣು ಹೈವೇಗೆ ಸಾಲದು, ಹಾಗಾಗಿ ಗುರುವಾರದ ಪಂದ್ಯಕ್ಕೆ ನಮ್ಮನ್ನು ಕರೆತರುವ ಕೆಲಸ ಅವನ ತಲೆಗೆ ಬಿತ್ತು. ಶುರುವಿನಲ್ಲಿ ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಇಳಿದು ಬೇಲಿಯ ಹತ್ತಿರ ನಿಂತ. ಇನ್ನೊಂದು ದಿನ ಹುಲ್ಲಿನ ಇಳಿಜಾರು ಅಳೆಯುವವನಂತೆ ಕುಕ್ಕುರುಗಾಲಲ್ಲಿ ಕೂತು, “ಯವ್ವಾ, ಸ್ವಲ್ಪ ಎಡಕ್ಕ ಹೊಡಿ, ನೆಲ ಬಲಕ್ಕ ಎಳೀತದ” ಎಂದ. ಎಷ್ಟೋ ತಿಂಗಳ ಮೇಲೆ ಅವನಾಗಿಯೇ ಆಡಿದ ಮಾತು ಅದು. ಗಂಗವ್ವ ನನ್ನ ಪಕ್ಕಕ್ಕೆ ಬಂದು, “ನನಗ ಗೆಲ್ಲೂದು ಏನ್ ಬೇಕಾಗಿಲ್ರಿ ಬಾಯಾರ. ಗುರುವಾರ ಗಡ್ಡಾ ಬೋಳಿಸಿಕೊಂಡು ಹೊರಗ ಬರತಾನಲ್ಲ, ಅದಕ್ಕ ಬರತೇನಿ” ಎಂದರು.

ಈಗ ಖರ್ಚು ಕಡಿತವೆಂದು ಒಂದೇ ಹುಲ್ಲುಹಾಸು ಉಳಿಸಿಕೊಂಡಿದ್ದೀರಿ, ಯಾರನ್ನಾದರೂ ಬಿಡಲೇಬೇಕಿತ್ತು ಎನ್ನುತ್ತೀರಿ. ಒಪ್ಪಿದೆ. ಕಲ್ಮೇಶನಿಗೂ ಅವನ ಕಂಪನಿ ಇದನ್ನೇ ಹೇಳಿತ್ತು. ಒಂದೇ ಮನೆಯವರಿಗೆ ಅದನ್ನು ಎರಡು ಸಲ ಹೇಳಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ತಂಡವನ್ನು ವಾಪಸ್ ಸೇರಿಸಿಕೊಳ್ಳಿ. ಬೇಕಾದರೆ ಪ್ರತಿ ನಮಸ್ಕಾರಕ್ಕೂ ಒಂದು ಸರದಿ ಕಿತ್ತುಕೊಳ್ಳಿ, ಪಟ್ಟಿಯ ಕೊನೆಯಲ್ಲಿಡಿ, ಎಲ್ಲಾ ಪಂದ್ಯಗಳಲ್ಲೂ ಸೋಲಿಸಿ. ಸೋತು ಮನೆಗೆ ಹೋಗುವುದು ನಮಗೆ ಚೆನ್ನಾಗಿ ರೂಢಿಯಾಗಿದೆ.

ನೀವು ನಮ್ಮನ್ನು ತೆಗೆದ ಸುದ್ದಿಯನ್ನು ಗಂಗವ್ವ ಮಗನಿಗೆ ಹೇಳಿಲ್ಲ. ಈ ಪತ್ರಿಕೆಯನ್ನಂತೂ ಅವನು ಬಿಚ್ಚಿ ನೋಡುವುದೇ ಇಲ್ಲ. ಈ ಗುರುವಾರವೂ ಟೋಪಿ ಹಾಕಿಕೊಂಡು ಅವನ ಬಾಗಿಲು ತಟ್ಟಿದರು. ಅವನು ಎದ್ದು ಸ್ನಾನ ಮಾಡಿ ಕಾರು ತೆಗೆದ. ಪಾರ್ಕಿನಲ್ಲಿ ಬೇರೆಯವರು ಆಡುತ್ತಿದ್ದರು. ಇವತ್ತು ನಮ್ಮ ಪಂದ್ಯ ಕ್ಯಾನ್ಸಲ್ ಆಗಿದೆಯಂತೆ ಎಂದು ನಾನೇ ಒಂದು ಸುಳ್ಳು ಹೇಳಿದೆ. ಅವನು ಬೇಲಿಯಾಚೆಯ ಹುಲ್ಲಿನ ಇಳಿಜಾರು ನೋಡಿ, “ಮುಂದಿನ ವಾರ ಐತಲ್ರಿ ಆಂಟಿ?” ಎಂದು ಕೇಳಿದ.

ಇದೆ ಎಂದುಬಿಟ್ಟಿದ್ದೇನೆ.

ಇಂತಿ, ನಿಮ್ಮ ನಿಯಮಕ್ಕೆ ಒಮ್ಮೆ ಸಿಕ್ಕಿಬಿದ್ದು, ಇನ್ನೊಮ್ಮೆ ಸಿಕ್ಕಿಬೀಳುವುದು ಖಂಡಿತ ಎಂದು ಈಗಲೇ ಒಪ್ಪಿಕೊಳ್ಳುವ,
ಅಂಬುಜಾ