ಕೊನೆಯ ಪುಟದ ಅಭಿಪ್ರಾಯವೊಂದನ್ನು ಅಳಿಸಲು ಅಪ್ಪಣೆ ಕೋರಿ

ಬರ್ಕತ್‌ಪುರ, ಹೈದರಾಬಾದ್
೧೪ ಫೆಬ್ರವರಿ ೨೦೦೭

ರಾಯಚೂರಿನಲ್ಲಿ ಕುಳಿತು ನಮ್ಮೆಲ್ಲರ ಮಧ್ಯಾಹ್ನಗಳನ್ನು ಕಾಯುತ್ತಿರುವ ಬಾಲ್ಯದ ಗೆಳತಿ ಗುರುದೇವಿಯ ಸನ್ನಿಧಾನಕ್ಕೆ, ಸುಂದರಾಬಾಯಿಯು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೊದಲಿಗೆ ಶುಭವಾರ್ತೆ. ನನ್ನ ಮಗಳು ಧನಶ್ರೀಯ ಮದುವೆ ನಿಂತಿಲ್ಲ. ನಿಲ್ಲುವ ಸ್ಥಿತಿಗೆ ಬಂದಿತ್ತೆಂಬುದೇ ನಿನಗೆ ಗೊತ್ತಿಲ್ಲದ್ದರಿಂದ ಈ ವಾರ್ತೆ ಸಪ್ಪೆಯೆನಿಸಬಹುದು. ಆದರೆ ಕಳೆದ ಗುರುವಾರದಿಂದ ನಿನ್ನೆಯ ಸಂಜೆಯವರೆಗೆ ನನ್ನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಈಗ ಇಳಿಯುತ್ತಿದೆ. ಬೆಳಿಗ್ಗೆ ನಾನು ಎರಡನೆಯ ಸಲ ಉಪ್ಪಿಟ್ಟು ಬಡಿಸಿಕೊಂಡದ್ದನ್ನು ಕಂಡು ನಮ್ಮ ಯಜಮಾನರು ಜಯತೀರ್ಥರಾಯರು ಪೇಪರು ಕೆಳಗಿಳಿಸಿ ನೋಡಿದರು.

ನನ್ನ ಒಕ್ಕಣೆಯನ್ನು ಕಂಡು ನೀನು ನಗುತ್ತೀಯೆಂದು ಬಲ್ಲೆ. ನನ್ನ ತಂದೆ ಕಚೇರಿಯ ಬೇವಿನ ಮರದ ಕೆಳಗೆ ಊರವರ ಅರ್ಜಿ ಬರೆದುಕೊಡುತ್ತಿದ್ದರು, ಅವುಗಳ ಶುದ್ಧ ಪ್ರತಿ ತೆಗೆಯುವ ಕೆಲಸ ನನ್ನದಾಗಿತ್ತು. ಆ ಕೈಗೆ ಬೇರೆ ಕನ್ನಡ ಒಗ್ಗಲಿಲ್ಲ. ಒಗ್ಗಬೇಕೆಂಬ ಆಸೆಯೂ ನನಗಿಲ್ಲ; ಅರ್ಜಿಯ ಭಾಷೆಯಲ್ಲಿ ಬರೆದದ್ದಕ್ಕೆ ಎದುರಾಡುವವರು ಕಡಿಮೆ.

ನೀನು ಹಾಕಿಕೊಟ್ಟ ಪದ್ಧತಿಯನ್ನು ನಿನಗೇ ವಿವರಿಸುವುದು ಅಧಿಕಪ್ರಸಂಗ. ಆದರೂ ಅರ್ಜಿಯೆಂದ ಮೇಲೆ ಹಿನ್ನೆಲೆ ಬರೆಯದೆ ವಿಧಿಯಿಲ್ಲ. ನೀನು ರಾಯಚೂರಿನಿಂದ ಕಾದಂಬರಿಗಳನ್ನು ಕೊಂಡು ಕಳಿಸುತ್ತೀ. ಉಪೇಂದ್ರರಾಯರು ಅವನ್ನು ಚೀಲದಲ್ಲಿಟ್ಟುಕೊಂಡು ಪ್ರತಿ ಗುರುವಾರ ಸ್ಕೂಟರಿನ ಮೇಲೆ ನಮ್ಮ ಕನ್ನಡ ಮನೆಗಳಿಗೆ ಹಂಚುತ್ತಾರೆ. ಓದಿದವರು ಕೊನೆಯ ಖಾಲಿ ಪುಟದಲ್ಲಿ ಸೀಸದ ಕಡ್ಡಿಯಿಂದ ತಮ್ಮ ಅಭಿಪ್ರಾಯ ಬರೆಯಬೇಕು. ಹೆಸರು ಹಾಕಕೂಡದು, ಗುರುತಿಗೊಂದು ಚಿತ್ರ ಸಾಕು. ನನ್ನದು ತುಳಸಿದಳ. ಒಮ್ಮೆ ಬರೆದದ್ದನ್ನು ಬರೆದವರೂ ಅಳಿಸಕೂಡದು. ಸುತ್ತು ಮುಗಿದ ಪುಸ್ತಕ ನಿನ್ನ ಕಪಾಟಿಗೆ ಹಿಂತಿರುಗುತ್ತದೆ. ಅಳಿಸಕೂಡದೆಂಬ ನಿಯಮಕ್ಕೆ, ಒಂದೇ ಒಂದು ಸಲ, ವಿನಾಯಿತಿ ಬೇಡುವುದೇ ಈ ಪತ್ರದ ಉದ್ದೇಶ.

ನನ್ನ ಅಭಿಪ್ರಾಯಗಳು ಕಠಿಣವೆಂಬ ದೂರು ಚೀಲದ ಮನೆಗಳಲ್ಲಿದೆ. ಇರಲಿ. ಪ್ರೇಮದ ಕಾದಂಬರಿಯಲ್ಲಿ ನಾಯಕ ನಾಯಕಿಯರು ಡಿಕ್ಕಿ ಹೊಡೆದು ಪುಸ್ತಕ ಬೀಳಿಸಿಕೊಂಡೇ ಪರಿಚಯವಾಗುವುದನ್ನು ನಾನು ಎಂದೂ ಕ್ಷಮಿಸಿಲ್ಲ. ಕಣ್ಣು ನೆಟ್ಟಗಿರುವ ಇಬ್ಬರಿಗೆ ಪ್ರೀತಿ ಹುಟ್ಟಬಾರದೆಂಬ ಕಾನೂನಿದೆಯೆ? ಸಂಸಾರದ ಕಾದಂಬರಿಯಲ್ಲಿ ಗಂಡನೆಂಬುವನಿಗೆ ತಾಯಿ ಮತ್ತು ಹೆಂಡತಿಯ ನಡುವೆ ನಿಂತು ಕೆಮ್ಮುವುದರ ಹೊರತು ಬೇರೆ ಉದ್ಯೋಗ ಕೊಡದ ಲೇಖಕರನ್ನೂ ಕ್ಷಮಿಸಿಲ್ಲ. ಅತ್ತೆಯನ್ನು ಬಗ್ಗಿಸುವ ದಾರಿ ತೋಚದಾಗ ಕೊನೆಯ ಅಧ್ಯಾಯದಲ್ಲಿ ಆಕೆಗೆ ಲಕ್ವ ಹೊಡೆಸಿ, ಸೊಸೆಯ ಕೈಯಿಂದ ಗಂಜಿ ಕುಡಿಸಿ, ಕಣ್ಣೀರಿನಲ್ಲಿ ರಾಜಿ ಮಾಡಿಸುವ ನ್ಯಾಯವಂತೂ ನನಗೆ ಸುತರಾಂ ಒಪ್ಪಿಗೆಯಿಲ್ಲ. ಎರಡೂ ಕೈ ಆಡುತ್ತಿರುವ ಅತ್ತೆಯನ್ನು ಒಲಿಸಿದರೆ ಅದು ಗೆಲುವು. ಇಷ್ಟೆಲ್ಲ ಬರೆದು, ಅದೇ ಕಾದಂಬರಿಯನ್ನು ಇನ್ನೊಮ್ಮೆ ಓದುತ್ತೇನೆಂಬುದನ್ನು ನೀನೊಬ್ಬಳೇ ಬಲ್ಲೆ.

ಮನಮೆಚ್ಚಿದವನನ್ನು ಆರಿಸಿಕೊಳ್ಳುವ ಹುಡುಗಿಯರ ಪರವಾಗಿಯೇ ನಾನು ಸದಾ ಬರೆದಿದ್ದೇನೆ. ಆದ್ದರಿಂದಲೇ ಧನಶ್ರೀಯು ತನ್ನ ಆಫೀಸಿನ ಮಿಲಿಂದನ ಹೆಸರು ಹೇಳಿದ ದಿನ ನನ್ನ ಮುಖ ಸೊಟ್ಟಗಾದದ್ದನ್ನು ಅವಳು ಸಹಿಸಲಿಲ್ಲ. ಜಾತಕ ತೋರಿಸೋಣ, ಆತುರ ಬೇಡ, ಬೀದರಿನ ಕಡೆಯವರ ರೀತಿ ರಿವಾಜು ಬೇರೆ ಎಂದು ನಾನು ಒಂದೊಂದಾಗಿ ತಕರಾರು ತೆಗೆಯುತ್ತಿದ್ದಂತೆ, ಅವಳು ಬೂಟಿನ ಲೇಸು ಕಟ್ಟುತ್ತಲೇ ಹೇಳಿದಳು: "ಅಮ್ಮ, ಕಾದಂಬರಿಯೊಳಗಿನ ಹುಡುಗಿ ಓಡಿಹೋದ್ರ ನೀನೇ ಬಸ್ ಚಾರ್ಜ್ ಕೊಟ್ಟು ಕಳಸ್ತಿ. ನಿನ್ನ ಮಗಳು ಹೇಳಿ ಕೇಳಿ ಮದುವಿ ಆಗ್ತೀನಂದ್ರ ಊಟ ಬಿಡ್ತಿ. ಕೊನೀ ಪುಟದ ಸುಂದರಾಬಾಯಿನ ಒಮ್ಮೆ ಮನೀಗೆ ಕರಕೊಂಡು ಬಾ, ನಾ ಆಕೀ ಜೋಡಿ ಮಾತಾಡ್ತೀನಿ." ಕಂಪನಿಯ ಬಸ್ಸು ಹಾರ್ನು ಹೊಡೆಯಿತು, ಅವಳು ಹೋದಳು. ಸಂಜೆ ಅವಳು ಹಿಂತಿರುಗುವ ಹೊತ್ತಿಗೆ ನಾನು ಒಪ್ಪಿದ್ದೆನು.

ಮಿಲಿಂದನು ಮಣಿಕೊಂಡದಲ್ಲಿ ಹೊಸದಾಗಿ ಮನೆ ಕೊಂಡು, ಬೀದರಿನಿಂದ ತನ್ನ ತಾಯಿ ವಿಜಯಶ್ರೀ ಅವರನ್ನು ಕರೆಸಿಕೊಂಡಿದ್ದಾನೆ. ತಂದೆ ಇಲ್ಲ. ತಾಯಿ ಮಗ ಇಬ್ಬರೂ ಸಂಕ್ರಾಂತಿ ಕಳೆದ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದರು. ಮಾತು, ನಗೆ, ಎಲ್ಲವೂ ಹಿತವಾಗಿಯೇ ಸಾಗಿತ್ತು. ನಾನು ಗೋಧಿ ಹುಗ್ಗಿ ಮಾಡಿದ್ದೆ. ನನ್ನ ಹುಗ್ಗಿಯ ಬೆಲ್ಲದ ಅಳತೆ ತಪ್ಪುವಂಥದ್ದಲ್ಲವೆಂಬುದಕ್ಕೆ ನೀನೇ ಸಾಕ್ಷಿ. ಆ ವಿಜಯಶ್ರೀ ಬಾಯಿಯವರು ಬಟ್ಟಲು ಬಳಿದು ತಿಂದು, ಕೈತೊಳೆದು, ಕುಂಕುಮ ಹಚ್ಚಿಸಿಕೊಂಡು, ಹೊಸ್ತಿಲಲ್ಲಿ ನಿಂತು ಹೇಳಿದ ಮಾತಿದು: "ಅಡಗಿ ಭಾಳ ಛಲೋ ಆಗಿತ್ರಿ. ಹುಗ್ಗಿಗೆ ಬೆಲ್ಲದ ಕೈ ಮಾತ್ರ ಒಂದೀಟು ಮುಂದಾಗ್ಯದ."

ನಾನು ನಕ್ಕು ಬೀಳ್ಕೊಟ್ಟೆ. ನಕ್ಕ ಬಾಯಿ ನೋಯುತ್ತಿತ್ತು.

ಆ ವಾರ ನನ್ನ ಬಳಿ ಇದ್ದುದು ನೀನು ಕಳಿಸಿದ ಹಸಿರು ರಟ್ಟಿನ ಕಾದಂಬರಿ. ಅದರಲ್ಲೂ ಒಬ್ಬ ಅತ್ತೆ, ಅದರಲ್ಲೂ ಒಬ್ಬ ಕೆಮ್ಮುವ ಮಗ. ಓದಿ ಮುಗಿಸಿ ಕೊನೆಯ ಪುಟದಲ್ಲಿ ಬರೆದದ್ದನ್ನು ಇಲ್ಲಿ ಯಥಾವತ್ತಾಗಿ ನಮೂದಿಸುತ್ತೇನೆ: "ಸದರಿ ಕಾದಂಬರಿಯ ಅತ್ತೆಯು, ಬೀಗರ ಮನೆಗೆ ಬಂದು ಹುಗ್ಗಿಯ ಬಟ್ಟಲನ್ನು ಬಳಿದು ತಿಂದು ಆನಂತರ ಬೆಲ್ಲ ಹೆಚ್ಚಾಯಿತೆಂದು ತೀರ್ಪು ಕೊಡುವ ವರ್ಗಕ್ಕೆ ಸೇರಿದವಳಾಗಿದ್ದು, ಇಂಥವರ ವಶಕ್ಕೆ ಹೆಣ್ಣುಮಗಳನ್ನು ಒಪ್ಪಿಸುವುದು ವಿವೇಕವಲ್ಲವೆಂದು ಅಭಿಪ್ರಾಯಪಡಲಾಗಿದೆ." ಕೆಳಗೆ ತುಳಸಿದಳ. ಮನಸ್ಸು ಹಗುರಾಯಿತು. ಪುಸ್ತಕ ಚೀಲ ಸೇರಿತು.

ಕಳೆದ ಗುರುವಾರ ಉಪೇಂದ್ರರಾಯರು ಬಂದವರು ಚಹಾ ಕುಡಿಯುತ್ತ, ಚೀಲಕ್ಕೆ ಮಣಿಕೊಂಡದಲ್ಲಿ ಹೊಸ ಮನೆ ಸೇರಿದೆಯೆಂದು ಉತ್ಸಾಹದಿಂದ ಹೇಳಿದರು. "ಸುತ್ತಿಗೆ ಹೊಸಬರು ಬಂದ್ರ ಹೊಸಾ ಪುಸ್ತಕ ಮೊದಲ ಅವರಿಗೇ ಅಲ್ರಿ, ಹಸಿರು ರಟ್ಟಿಂದು ಕೊಟ್ಟು ಬಂದೆ. ನಿಮ್ಮ ಬೀಗರ ಮನೀನ ಅದು. ಧನಶ್ರೀನ ಅವರ ಹೆಸರು ಬರಸ್ಯಾಳ, ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಭಾವೀ ಅತ್ತೆಗೂ ತಾಯಿಗೂ ಒಂದೇ ಚೀಲದ ನಂಟು ಬೆಳೆಯಲೆಂದು ನನ್ನ ಮಗಳು ಗುಟ್ಟಾಗಿ ಮಾಡಿದ ಪ್ರೀತಿಯ ಕೆಲಸವದು. ಉಪೇಂದ್ರರಾಯರಿಗೆ ಚಕ್ಕಲಿ ಕೊಡುವುದನ್ನೂ ಮರೆತು ಕುಳಿತೆ. ಅರ್ಜಿಯ ಭಾಷೆಗೆ ಎದುರಾಡುವವರು ಕಡಿಮೆಯೆಂದು ಮೇಲೆ ಬರೆದೆನಲ್ಲವೆ. ಎದುರಾಡದೆ ಸಂಬಂಧವನ್ನೇ ಬಿಟ್ಟುಬಿಡುವವರು ಇರಬಹುದೆಂದು ಆಗ ಹೊಳೆಯಿತು. ಮಗಳು ಮೊಬೈಲಿನಲ್ಲಿ ನಗುನಗುತ್ತ ಮಾತಾಡಿದಾಗಲೆಲ್ಲ, ಇದೇ ಕೊನೆಯ ನಗುವೋ ಏನೋ ಎಂದು ಕಿವಿಗೊಡುತ್ತಿದ್ದೆ. ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ನಮ್ಮ ಯಜಮಾನರಾದ ರಾಯರಿಗೆ ಹೇಳುವ ಪ್ರಶ್ನೆಯೇ ಇಲ್ಲ, ಅವರು ಕೆಮ್ಮುತ್ತಿದ್ದರು.

ನಿನ್ನೆ ರಾಯರ ಮೇಜಿನ ಮೇಲಿನ ರಬ್ಬರನ್ನು ಕೈಚೀಲದಲ್ಲಿ ಹಾಕಿಕೊಂಡು, ಸೀರೆಗೆ ಫಾಲ್ ಹಚ್ಚಿಸಲು ಅಬಿಡ್ಸಿಗೆ ಹೋಗುತ್ತೇನೆಂದು ಹೇಳಿ, ಕೋಠಿಯಲ್ಲೊಂದು ಮೆಹದಿಪಟ್ನಂನಲ್ಲೊಂದು ಬಸ್ಸು ಬದಲಿಸಿ ಮಣಿಕೊಂಡ ತಲುಪಿದೆ. ಅಲ್ಲಿ ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ನನ್ನ ತೆಲುಗಿನಲ್ಲಿ ದಾರಿ ಕೇಳಿದೆ. ಇಟ್ಟಿಗೆ ಹೊರುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಮುಖ ನೋಡಿ, "ಯವ್ವಾ, ಕನ್ನಡದಾಗ ಕೇಳ್ರಿ, ನಿಮ್ಮ ತೆಲುಗು ಕೇಳಾಕ ಆಗವಲ್ದು. ನೀರಿನ ನೀಲಿ ಟಾಕಿ ಐತಲ್ಲ, ಅದರ ಹಿಂದ" ಎಂದಳು. ದೇವದುರ್ಗದ ಕಡೆಯವಳಂತೆ. ಲಿಫ್ಟು ಇನ್ನೂ ಸುರುವಾಗಿರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಟ್ಟುವ ಹೊತ್ತಿಗೆ ಸಿದ್ಧಪಡಿಸಿಕೊಂಡಿದ್ದ ಮಾತು ಉಸಿರಿನೊಂದಿಗೆ ಹೊರಟುಹೋಗಿತ್ತು.

ವಿಜಯಶ್ರೀ ಅವರು ಬಾಗಿಲು ತೆರೆದು, ಒಂದು ಗಳಿಗೆ ನೋಡಿ, ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಸಾಮಾನಿನ ಡಬ್ಬಗಳು ಇನ್ನೂ ಹಗ್ಗ ಬಿಚ್ಚದೆ ಗೋಡೆಗೆ ಒರಗಿದ್ದವು. ಮಗ ಮುಂಜಾನೆ ಹೋದರೆ ಕತ್ತಲಾದ ಮೇಲೆ ಬರುತ್ತಾನಂತೆ. ಅಕ್ಕಪಕ್ಕದವರ ಭಾಷೆ ಇವರಿಗೆ ಬಾರದು. "ಹಗಲೆಲ್ಲಾ ನನ್ನ ಜೋಡಿ ಮಾತಾಡೋದು ಕುಕ್ಕರ್ ಒಂದೇ ನೋಡ್ರಿ. ಅದೂ ಮೂರು ಸೀಟಿ ಹೊಡದು ಸುಮ್ಮಾಗ್ತದ" ಎಂದರು. ನಾನು ನಕ್ಕೆ, ಅವರೂ ನಕ್ಕರು. ನನ್ನ ಕಣ್ಣು ಮಾತ್ರ ಹಸಿರು ರಟ್ಟನ್ನು ಹುಡುಕುತ್ತಿತ್ತು. ಅದು ದಿವಾನದ ಮೇಲಿತ್ತು, ನಡುವೆ ಹೇರ್‌ಪಿನ್ನೊಂದನ್ನು ಸಿಕ್ಕಿಸಲಾಗಿತ್ತು.

ಕಾದಂಬರಿ ಹೇಗಿದೆಯೆಂದು ಕೇಳಿದೆ. "ಅರ್ಧಕ್ಕ ಬಂದೀನ್ರಿ" ಎಂದರು ಅವರು. "ಕೊನೀ ಪುಟ ಮೊದಲ ನೋಡೋ ಚಟ ನನಗಿಲ್ಲ."

ಗುರುದೇವಿ, ಆ ಮಾತನ್ನು ಕೇಳಿದಾಗ ನನ್ನ ಎದೆಯ ಮೇಲಿನ ಬೀಸುಕಲ್ಲು ಹೇಗೆ ಇಳಿಯಿತೆಂಬುದನ್ನು ವರ್ಣಿಸಲು ಅರ್ಜಿಯ ಭಾಷೆಯಲ್ಲಿ ಪದವಿಲ್ಲ.

ಕುಕ್ಕರಿನಲ್ಲಿ ಗೋಧಿ ಬೆಂದಿತ್ತಂತೆ, ಬೆಲ್ಲ ಹಾಕುವುದಷ್ಟೇ ಬಾಕಿ. ಹುಗ್ಗಿಯ ಬಟ್ಟಲನ್ನು ನನ್ನ ಕೈಗಿಟ್ಟು, "ಬೆಲ್ಲ ಹೆಂಗದ ನೀವೇ ಹೇಳಬೇಕು, ಸಂಕೋಚ ಮಾಡಬ್ಯಾಡ್ರಿ" ಎಂದು ಎದುರಿಗೆ ಕುಳಿತರು. ಬೆಲ್ಲ ಕಡಿಮೆಯಿತ್ತು. ಸರಿಯಾಗಿದೆಯೆಂದು ಹೇಳಿ ಬಟ್ಟಲು ಬಳಿದು ತಿಂದೆ. ಅವರು ಖಾಲಿ ಬಟ್ಟಲನ್ನು ನೋಡಿ ಬಹಳ ಹೊತ್ತು ನಕ್ಕರು. ಒಂಟಿಯಾಗಿ ಇರುವವರಿಗೆ ನಗುವಿಗೆ ಇಷ್ಟು ಕಾರಣ ಸಾಕೆಂದು ಭಾವಿಸಿದೆ. ಆಮೇಲೆ ನಾವು ಅತ್ತೆಯಂದಿರ ವಿಷಯ ಮಾತಾಡಿದೆವು, ನಮ್ಮ ನಮ್ಮ ಅತ್ತೆಯಂದಿರ ವಿಷಯ. ಕಾದಂಬರಿಯ ಅತ್ತೆಯಂದಿರು ಯಾಕೆ ಎಂದೂ ಒಂದು ಪುಸ್ತಕ ಓದುವುದಿಲ್ಲವೆಂದು ಅವರು ಕೇಳಿದರು. ನನಗೆ ಇಷ್ಟು ವರ್ಷ ಹೊಳೆಯದ ತಕರಾರು ಅದು.

ಹೊರಡುವಾಗ ಅವರೇ ಆ ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟರು. ಅಕ್ಷರ ಸಣ್ಣದು, ಹೊಸ ಕನ್ನಡಕ ಬಂದ ಮೇಲೆ ಮುಂದಿನದನ್ನು ಓದುವೆ, ಇದನ್ನು ನೀವೇ ಚೀಲಕ್ಕೆ ಸೇರಿಸಿಬಿಡಿ ಎಂದರು. ಕೇಳದೆಯೇ ವರ ಸಿಕ್ಕಂತಾಯಿತು. ಬಸ್ಸಿನಲ್ಲಿ ಆ ಕಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಪ್ರೇಮದ ಕಾದಂಬರಿ ಮದುವೆಯ ಮಂಟಪದಲ್ಲಿ ಮುಗಿಯುತ್ತದೆ, ಸಂಸಾರದ ಕಾದಂಬರಿ ಮರುದಿನ ಅತ್ತೆಯ ಅಡುಗೆಮನೆಯಲ್ಲಿ ಸುರುವಾಗುತ್ತದೆ. ಅವೆರಡರ ನಡುವೆ ಇಬ್ಬರು ಬೀಗಿತ್ತಿಯರು ಎದುರುಬದುರು ಕುಳಿತು ಹುಗ್ಗಿ ತಿನ್ನುವ ಮಧ್ಯಾಹ್ನವೊಂದಿದೆಯೆಂಬುದು ಯಾವ ಲೇಖಕರ ಗಮನಕ್ಕೂ ಬಂದಂತಿಲ್ಲ. ಬಂದಿದ್ದರೆ ಅಂಥದೊಂದು ಪುಸ್ತಕವನ್ನು ನೀನು ಈಗಾಗಲೇ ಕಳಿಸಿರುತ್ತಿದ್ದೆ.

ಆದಕಾರಣ ಪ್ರಾರ್ಥನೆಯೇನೆಂದರೆ: ಕಟ್ಟು ನನ್ನ ಎದುರಿಗಿದೆ, ರಬ್ಬರು ಪಕ್ಕದಲ್ಲಿದೆ. ಅಪ್ಪಣೆ ಬರುವವರೆಗೆ ಕಾಯುವುದು ಧರ್ಮವಾದರೂ, ನಾಳೆ ಪುಸ್ತಕ ಮುಂದಿನ ಮನೆಗೆ ಹೋಗತಕ್ಕದ್ದಿರುವುದರಿಂದ, ಈ ಪತ್ರವನ್ನು ಮುಗಿಸಿದೊಡನೆ ಸದರಿ ಅಭಿಪ್ರಾಯವನ್ನು ಅಳಿಸಲಾಗುವುದು. ನಿನ್ನ ಕಪಾಟಿಗೆ ಬಂದಾಗ ಆ ಪುಟದಲ್ಲಿ ಮಸುಕು ಕಂಡರೆ, ಬಾಲ್ಯದ ಗೆಳೆತನವನ್ನು ನೆನೆದು, ಮಂಜೂರು ಮಾಡಿದ್ದಾಗಿ ಭಾವಿಸತಕ್ಕದ್ದು.

ಎಂದಿಗೂ ನಿನ್ನವಳಾದ, ಈಗ ಹೊಟ್ಟೆತುಂಬ ಉಣ್ಣುತ್ತಿರುವ,
ಸುಂದರಾಬಾಯಿ

ತಾ.ಕ.: ಮೇಲಿನ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಗಿದೆ. ಕಟ್ಟು ಬಿಚ್ಚಿದೆ. ಕೊನೆಯ ಪುಟದಲ್ಲಿ ನನ್ನ ತುಳಸಿದಳದ ಕೆಳಗೆ ಹೊಸ ಕೈಬರಹವಿದೆ, ಅದರ ಕೆಳಗೆ ಗೋಧಿಯ ತೆನೆಯ ಚಿತ್ರ. ನೀನು ಹೇಗೂ ಓದುವಿಯಾದ್ದರಿಂದ ಇಲ್ಲಿಯೇ ನಕಲು ಮಾಡುತ್ತೇನೆ: "ಕಾದಂಬರಿ ಪೂರ್ತಿ ಓದಿದೆ. ಇದರಲ್ಲಿ ಹುಗ್ಗಿ ಎಲ್ಲಿಯೂ ಇಲ್ಲ, ಎರಡು ಸಲ ಹುಡುಕಿದೆ. ಮೊದಲ ಭೇಟಿಯಲ್ಲಿ ಎಲ್ಲವನ್ನೂ ಹೊಗಳಿದರೆ ಆ ಮನೆಗೆ ದೃಷ್ಟಿ ತಾಗುತ್ತದೆ, ಒಂದು ಸಣ್ಣ ಕುಂದು ಹೇಳಿಯೇ ಹೊಸ್ತಿಲು ದಾಟಬೇಕು ಎಂದು ನಮ್ಮ ಅತ್ತೆ ಕಲಿಸಿದ್ದರು. ಕುಂದು ಹುಡುಕಿದರೂ ಸಿಗಲಿಲ್ಲವಾಗಿ ಬಾಯಿಗೆ ಬಂದದ್ದು ಬೆಲ್ಲ. ತುಳಸಿದಳದವರು ತಮ್ಮ ಮಗಳನ್ನು ಒಪ್ಪಿಸುವ ವಿವೇಕದ ಬಗ್ಗೆ ಮರುವಿಚಾರ ಮಾಡಬೇಕಾಗಿ ವಿನಂತಿ."

ರಬ್ಬರು ರಾಯರ ಮೇಜಿಗೆ ಹಿಂತಿರುಗಿದೆ. ಆ ಪುಟವನ್ನು ಯಾರೂ ಮುಟ್ಟತಕ್ಕದ್ದಲ್ಲ. ಮತ್ತು, ಇದು ನಿನ್ನಲ್ಲಿಯೇ ಇರಲಿ ಗುರುದೇವಿ, ಅವತ್ತು ಬೆಲ್ಲ ನಿಜವಾಗಿಯೂ ಹೆಚ್ಚಾಗಿತ್ತು.