ಮುಚ್ಚಳ ತೆಗೆಯದ ಪೆಟ್ಟಿಗೆ

ಅತ್ತೆಯವರಿಗೆ ಸೊಸೆಯ ನಮಸ್ಕಾರ. ಕಾರ್ಡಿನಲ್ಲಿ ಜಾಗ ಸಾಲದು, ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮ ಮಗನ ರಕ್ತಕಣಗಳಿಗೆ ಕ್ಯಾನ್ಸರ್ ಜೊತೆ ಹೊಡೆದಾಡುವ ವಿದ್ಯೆ ಕಲಿಸಿ ಬೆಳೆಸುವ ಪೆಟ್ಟಿಗೆಯನ್ನು ಹೋದ ವಾರ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನಾಚೆಯಿಂದ ನೋಡಿದೆವು. ನಮ್ಮ ಫ್ರಿಜ್ಜಿನಷ್ಟೂ ದೊಡ್ಡದಲ್ಲ.

"ಮೊದಲು ಈ ಕೆಲಸದಲ್ಲಿ ಎಷ್ಟೋ ಕೈ ಬದಲಾಗ್ತಿತ್ತು. ಈಗ ಎಲ್ಲಾ ಇದರೊಳಗೇ ಆಗುತ್ತೆ. ಕ್ರಿಮಿ ಸೇರಬಾರದು, ಯಾರೂ ಮುಚ್ಚಳ ತೆಗೆಯೋ ಹಾಗಿಲ್ಲ," ಎಂದಳು ಲ್ಯಾಬಿನಾಕೆ.

"ಸದ್ಯ, ನಮ್ಮಮ್ಮ ಬಂದಿಲ್ಲ! ಒಲೆ ಮೇಲಿನ ಪಾತ್ರೆ ಮುಚ್ಚಳನೇ ನಿಮಿಷಕ್ಕೊಂದ್ಸಲ ತೆಗೆದು ನೋಡ್ತಾಳೆ," ಎಂದರು ಇವರು.

ಕಣಗಳನ್ನು ಮೊನ್ನೆ ಮೈಗೆ ಏರಿಸಿದರು. ನಿನ್ನೆಯೆಲ್ಲ ಜ್ವರ, ಮಾತೇ ಇಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ಇವತ್ತು ಜ್ವರ ಇಳಿದಿದೆ. ಕಣ್ಣು ಬಿಟ್ಟವರೇ, "ಏನೇ ನಿನ್ನ ಗೊರಕೆ, ಪಕ್ಕದ ವಾರ್ಡಿಗೂ ಕೇಳಿಸಿರುತ್ತೆ," ಎಂದು ಬೈದರು. ಖುಷಿಗೆ ಗಳಗಳನೆ ಅತ್ತುಬಿಟ್ಟೆ. ನರ್ಸಮ್ಮ ಓಡಿಬಂದು, ಹೆಂಡತಿಯನ್ನು ಅಳಿಸುತ್ತೀರಾ ಎಂದು ಇವರಿಗೇ ಗದರಿದಳು!

ಅವಸರದಲ್ಲಿ,
ನಿಮ್ಮ ಸೊಸೆ