ಅತ್ತೆಯ ಎಲೆಗೆ

9 ಸೆಪ್ಟೆಂಬರ್ 2025, ಮಂಗಳವಾರ. ಬೆಳಿಗ್ಗೆ 6.40

ಹಾಲು ಉಕ್ಕಿತು. ಒಲೆ ಒರೆಸಿ ಮತ್ತೆ ಇಟ್ಟೆ. ಕ್ವಾರ್ಟರ್ಲಿ ಪರೀಕ್ಷೆಗೆ ಕೆಮಿಸ್ಟ್ರಿ ಪೇಪರ್ ಇನ್ನೂ ಸೆಟ್ ಮಾಡಿಲ್ಲ. ಗಂಡ ಬೀರೇಶನದು ಮೊದಲ ಶಿಫ್ಟು, ಫ್ಯಾಕ್ಟರಿ ಬಸ್ಸು ಹತ್ತಿಯಾಯಿತು.

ಅಷ್ಟರಲ್ಲಿ ಗೇಟಿನಲ್ಲಿ ಒಬ್ಬ ತಾತ. ಷರ್ಟಿನ ತೋಳನ್ನು ಆಗಲೇ ಮೇಲಕ್ಕೆ ಮಡಚಿಕೊಂಡು ನಿಂತಿದ್ದರು.

‘ನರ್ಸಮ್ಮ ಒಳಗವ್ರಾ? ಬಿಪಿ ನೋಡಿಸ್ಬೇಕಾಗಿತ್ತು.’

‘ಇಲ್ಲ’ ಅಂದೆ.

‘ಎಷ್ಟೊತ್ಗೆ ಬತ್ತಾರೆ?’

ಮತ್ತೆ ಅದೇ. ಮಾರ್ಚಿನಿಂದ ಇದೇ ಆಗುತ್ತಿದೆ. ‘ಇಲ್ಲ’ ಅಂದರೆ ಮನೆಯಲ್ಲಿಲ್ಲ ಅಂತಲೂ ಆಗುತ್ತದೆ, ಇನ್ನಿಲ್ಲ ಅಂತಲೂ ಆಗುತ್ತದೆ. ಮೊದಲನೆಯದೇ ಕೇಳಿಸುವ ಹಾಗೆ ಹೇಳುತ್ತೇನೋ ಏನೋ. ‘ತೀರಿಕೊಂಡರು’ ಅನ್ನುವುದು ಬಾಯಿಗೆ ಬರುವುದೇ ಇಲ್ಲ.

‘ಗೊತ್ತಿಲ್ಲ ತಾತ’ ಅಂದುಬಿಟ್ಟೆ. ಗೊತ್ತಿಲ್ಲವಂತೆ! ತೋಳು ಇಳಿಸಿಕೊಂಡು ಹೋದರು.

ಬೋರ್ಡಿಲ್ಲ, ಏನಿಲ್ಲ. ಅತ್ತೆ ಡೆಂಕಣಿಕೋಟೆ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ರಿಟೈರ್ ಆಗಿ ನಮ್ಮ ಜೊತೆ ಇರಲು ಬಂದರು. ಬಂದ ತಿಂಗಳಿಗೇ ನಮ್ಮ ಇಡೀ ಆಲಸನತ್ತಂ ಬಡಾವಣೆಗೆ ನರ್ಸಮ್ಮ. ಪಾಪಮ್ಮ ಅನ್ನುವ ಹೆಸರು ಪೆನ್ಷನ್ ಪುಸ್ತಕಕ್ಕೆ ಮಾತ್ರ.

ಅದೇ ದಿನ, ಸಂಜೆ

ಸಾನಮಾವಿನಿಂದ ಮುನಿರತ್ನ ಅತ್ತಿಗೆಯ ಫೋನ್. ಬೀರೇಶನ ಅಕ್ಕ. ಇವರು ಫೋನ್ ಮಾಡಿದರೆ ಕೆಲಸ ಹಂಚುವುದಕ್ಕೇ.

‘ಅಮಾಸೆ ಎಡೆ ಈ ಸಲ ನಿಮ್ಮನೇಲೇ. ಅಮ್ಮ ಕೊನೇಗಿದ್ದಿದ್ದು ಅಲ್ಲೇ ಅಲ್ವಾ? ಅಪ್ಪುಂದು ನಂಗೊತ್ತು. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಅಮ್ಮುಂಗೆ ಏನಿಷ್ಟನೋ ಅದು ನೀನು ಮಾಡ್ಬುಡು. ಒಂದೇ ಅಡಿಗೆಮನೇಲಿ ಇದ್ದೋಳು ನೀನು.’

ನನ್ನ ತವರಿನಲ್ಲಿ ಪಿತೃಪಕ್ಷಕ್ಕೆ ಈ ಕಷ್ಟವಿಲ್ಲ. ಪುರೋಹಿತರು ಹೇಳಿದ ಅಡುಗೆ, ಎಲ್ಲ ಹಿರಿಯರಿಗೂ ಒಂದೇ. ಇವರಲ್ಲಿ ಹಾಗಲ್ಲ. ಹೋದವರ ಎಲೆಯಲ್ಲಿ ಅವರಿಗೆ ಇಷ್ಟವಾದದ್ದೇ ಇರಬೇಕು. ಫೋಟೋ ಮುಂದೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಇಷ್ಟವಾದದ್ದು ಇಲ್ಲದಿದ್ದರೆ ಮುಟ್ಟದೆ ಹೋಗುತ್ತಾರಂತೆ.

‘ಆಯ್ತು ಅತ್ತಿಗೆ’ ಅಂದೆ.

ಬ್ರೆಡ್ಡಿನ ತುದಿ. ಅದೊಂದೇ ನೆನಪಾಗುತ್ತಿರುವುದು. ಪ್ಯಾಕೆಟ್ಟಿನ ಮೊದಲ ಸ್ಲೈಸು, ಕೊನೆಯ ಸ್ಲೈಸು. ‘ನಂಗೆ ಅದೇ ಇಷ್ಟ, ತತ್ತಾ’ ಅನ್ನುತ್ತಿದ್ದರು. ಬಾಳೆ ಎಲೆಯ ಮೇಲೆ ಬ್ರೆಡ್ಡಿನ ತುದಿ ಇಡಲೆ?

11 ಸೆಪ್ಟೆಂಬರ್, ಗುರುವಾರ

ಬೀರೇಶನನ್ನು ಕೇಳಿದೆ. ಮೊಬೈಲಿನಿಂದ ತಲೆ ಎತ್ತದೆ ‘ಉಪ್ಪಿಟ್ಟು’ ಅಂದ.

‘ನಿನಗೆ ಹೇಗೆ ಗೊತ್ತು?’

‘ಚಿಕ್ಕೋನಿದ್ದಾಗ ನನ್ನ ತಟ್ಟೇದೆಲ್ಲಾ ಅಮ್ಮನೇ ತಿಂತಿತ್ತು.’

‘ನೀನು ಉಪ್ಪಿಟ್ಟು ತಿನ್ನಲ್ವಲ್ಲ.’

‘ಅದಕ್ಕೇ.’

ಮೊಬೈಲು ಕೆಳಗಿಟ್ಟ. ‘ಹಂಗಾದ್ರೆ ಅದಲ್ಲ ಅಲ್ವಾ?’

ಅತ್ತಿಗೆಗೆ ಫೋನ್ ಮಾಡಿದೆ. ‘ಒಬ್ಬಟ್ಟು ಕಣೇ. ಅದೂ ಸೀದಿರೋದು. ಹಂಚಿನ ಮೇಲೆ ಕಪ್ಪಾದ್ರೆ ಅಮ್ಮುಂದೇ.’

ಚಿಕ್ಕಮಾವ ಚಿನ್ನಪ್ಪ, ಅತ್ತೆಯ ಮೈದುನ, ಯೋಚಿಸಲೂ ಇಲ್ಲ. ‘ನಮ್ಮತ್ಗೇಗಾ? ಕೋಳಿ ಕುತ್ಗೆ, ಬೆನ್ಮೂಳೆ. ತೊಡೆ ಪೀಸ್ ಮುಟ್ತಾನೇ ಇರ್ನಿಲ್ಲ.’

‘ಕೊಟ್ಟಿದ್ರಾ ಚಿಕ್ಕಮಾವ?’

‘ಇದನ್ನ ಕೇಳೋಕೆ ನೀನೊಬ್ಳು ಟೀಚರು ಹುಟ್ಟಿದ್ದೆ ನೋಡು’ ಅಂದು ಫೋನ್ ಇಟ್ಟರು.

ಎಲ್ಲರ ಬಳಿಯೂ ಒಂದೊಂದು ಉತ್ತರ ಇದೆ. ಎಲ್ಲ ಉತ್ತರವೂ ಮಿಕ್ಕಿದ್ದು. ನನ್ನದೂ.

14 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಮನೆಯಲ್ಲಿ ಕೂತಿರಲಾಗಲಿಲ್ಲ. ಡೆಂಕಣಿಕೋಟೆಗೆ ಹೋಗಿ ಬರುತ್ತಿದ್ದೇನೆ. ಬರವಣಿಗೆ ಕುಲುಕುತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸುಗುಣಾ ಸಿಸ್ಟರ್ ಮನೆ. ಅತ್ತೆಯ ಜೊತೆ ಅದೇ ವಾರ್ಡಿನಲ್ಲಿದ್ದವರು. ಮಂಡಿ ನೋವು, ಕುರ್ಚಿಯಿಂದಲೇ ಮಾತು. ಅರ್ಧ ತಮಿಳು, ಅರ್ಧ ಕನ್ನಡ. ನನ್ನನ್ನು ಮಗುವನ್ನು ಕರೆಯುವ ಹಾಗೆ ‘ಕಣ್ಣು’ ಅನ್ನುತ್ತಾರೆ, ನಲವತ್ತು ದಾಟಿದವಳನ್ನು.

ಪ್ರಶ್ನೆ ಕೇಳಿ ನಕ್ಕರು. ‘ತಿನ್ನೋದಾ? ಡಬ್ಬ ತೆಗೆದ್ರೆ ಸಾಕು ಕಣ್ಣು, ಯಾರಿಗಾದ್ರೂ ನೋವು ಬಂದ್ಬಿಡುತ್ತೆ. ಡಾಕ್ಟರಮ್ಮ ತಮಾಷೆ ಮಾಡೋರು, ಈ ಕೇಸಿಗೆ ನೋವು ಬರಿಸೋ ಡ್ರಿಪ್ ಬೇಡ, ಪಾಪಮ್ಮ ಸಿಸ್ಟರನ್ನ ಊಟಕ್ಕೆ ಕೂರ್ಸಿ ಅಂತ.’

‘ಡಬ್ಬದಲ್ಲಿ ಏನಿರ್ತಿತ್ತು?’

‘ಏನಿದ್ರೇನು? ಆರಿ ಕಲ್ಲಾಗಿರೋದು. ಕೈ ತೊಳ್ಕೊಂಡು ಬಂದು, ನಿಂತ್ಕೊಂಡೇ ತಿಂದು, ಬೀರೇಶು ಸ್ಕೂಲಿಂದ ಬಂದಿರ್ತಾನೆ ಅಂತ ಬಸ್ಸಿಗೆ ಓಡೋದು. ಹಬ್ಬದ ದಿನವೆಲ್ಲ ತಾವೇ ಡ್ಯೂಟಿ ಹಾಕಿಸ್ಕೊಂಡು ಲೀವು ಕೂಡಿಡೋರು. ಮಗಳ ಹೆರಿಗೆಗೆ, ನಿನ್ನ ಹೆರಿಗೆಗೆ.’

ಅದು ನನಗೆ ಗೊತ್ತಿರಲಿಲ್ಲ. ಈಗ ಹಾಸ್ಟೆಲಿನಲ್ಲಿರುವ ಮಗ ಸಿಸೇರಿಯನ್ ಆಗಿ ಹುಟ್ಟಿದಾಗ ತಿಂಗಳುಗಟ್ಟಲೆ ಜೊತೆಗಿದ್ದರು. ಹೊಲಿಗೆ ಎಳೆಯದ ಹಾಗೆ ಮಗ್ಗುಲಾಗುವುದನ್ನು ಕಲಿಸಿದರು. ಬಿಸಿ ಅನ್ನ, ಮೆಣಸಿನ ಸಾರು, ‘ಆರೋದ್ರೊಳಗೆ ಉಣ್ಣು’. ಮಗು ಅತ್ತರೆ ಎತ್ತಿಕೊಂಡು ಆಚೆ ಹೋಗುತ್ತಿದ್ದರು, ನನ್ನ ಊಟ ಮುಗಿಯುವವರೆಗೆ. ಅಷ್ಟೊಂದು ರಜೆ ಎಲ್ಲಿಂದ ಬಂತು ಅಂತ ಕೇಳಬೇಕು ಅನ್ನಿಸಿರಲಿಲ್ಲ.

ಹೊರಡುವಾಗ ಸುಗುಣಾ ಸಿಸ್ಟರ್ ಇನ್ನೊಂದು ಮಾತು ಹೇಳಿದರು. ರಿಟೈರ್ ಆದ ದಿನ ವಾರ್ಡಿನವರೆಲ್ಲ ಕೇಳಿದರಂತೆ, ಇನ್ನು ಏನು ಮಾಡ್ತೀರಾ ಸಿಸ್ಟರ್ ಅಂತ.

‘ಬಿಸಿಬಿಸೀಲಿ ಊಟಕ್ಕೆ ಕೂತ್ಕೋತೀನಿ. ಯಾರು ಕೂಗಿದ್ರೂ ಏಳಾಕಿಲ್ಲ’ ಅಂದರಂತೆ.

ಬಸ್ಸಿನ ಪಕ್ಕ ಬೀನ್ಸು ತುಂಬಿದ ಟೆಂಪೋಗಳು. ಒಂದಾದ ಮೇಲೊಂದು.

18 ಸೆಪ್ಟೆಂಬರ್, ಗುರುವಾರ

ಬರೆಯಲಾಗಿರಲಿಲ್ಲ. ಪೇಪರ್ ಸೆಟ್ ಮಾಡಿದೆ, ಎರಡು ಪ್ರಶ್ನೆಗೆ ಒಂದೇ ನಂಬರು ಹಾಕಿದ್ದೆನಂತೆ. ಎಚ್.ಎಂ. ತಾವೇ ತಿದ್ದಿಕೊಂಡರು. ಅದೇ ಇನ್ನೂ ಹಿಂಸೆ.

ಒಂದೇ ಪ್ರಶ್ನೆ ತಲೆಯಲ್ಲಿ. ನಮ್ಮ ಮನೆಗೆ ಬಂದ ಮೇಲಾದರೂ ಬಿಸಿಬಿಸಿಯಾಗಿ ಕೂತು ಉಂಡರಾ?

ಹುಡುಕುತ್ತಿದ್ದೇನೆ. ದೋಸೆ ಹುಯ್ಯುವಾಗ ಒಲೆಯ ಹತ್ತಿರ ಅವರೇ ನಿಲ್ಲುತ್ತಿದ್ದರು. ‘ನಿಂಗೆ ಸ್ಕೂಲಿಗೆ ಹೊತ್ತಾತದೆ, ಕೂತ್ಕೋ.’ ಕೂತುಕೊಳ್ಳುತ್ತಿದ್ದೆ. ಮಧ್ಯಾಹ್ನ ನಾನು ಇರುತ್ತಿರಲಿಲ್ಲ. ರಾತ್ರಿ ಎಲ್ಲರಿಗೂ ಬಡಿಸಿ ತಮ್ಮ ತಟ್ಟೆ ಹಿಡಿಯುವ ಹೊತ್ತಿಗೆ ಗೇಟು. ಯಾರಿಗೋ ಜ್ವರ, ಯಾರದೋ ಇಂಜೆಕ್ಷನ್ನು, ಯಾವುದೋ ಬಸುರಿ. ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದರು. ‘ಊಟ ಮಾಡ್ತಿದಾರೆ, ಕಾಯಿರಿ’ ಅಂತ ನಾವು ಯಾರೂ ಹೇಳಿದ್ದಿಲ್ಲ. ಹೇಳಬಹುದಿತ್ತು ಅಂತಲೇ ತೋಚಿರಲಿಲ್ಲ. ಎದ್ದು ಹೋಗುವುದು ಅವರಿಗೆ ಇಷ್ಟ ಅಂದುಕೊಂಡಿದ್ದೆ. ಬ್ರೆಡ್ಡಿನ ತುದಿಯ ಹಾಗೆ.

ಇಷ್ಟವೂ ಇತ್ತೇನೋ. ಅದೂ ಗೊತ್ತಿಲ್ಲ. ಎರಡೂ ಇರಬಹುದಲ್ಲವೆ... ಹೋಗಬೇಕು ಅನ್ನುವುದು, ಯಾರಾದರೂ ತಡೆಯಲಿ ಅನ್ನುವುದು?

20 ಸೆಪ್ಟೆಂಬರ್, ಶನಿವಾರ. ಸಂಜೆ

ಅತ್ತಿಗೆ ಬಂದಿದ್ದಾರೆ. ಎರಡು ನಾಟಿ ಕೋಳಿ, ಬಾಳೆ ಎಲೆ, ತಮ್ಮದೇ ಹಂಚು. ನಮ್ಮ ಹಂಚಿನ ಮೇಲೆ ನಂಬಿಕೆಯಿಲ್ಲ.

ಜಗಳವೂ ಆಯಿತು. ಅವರ ಲೆಕ್ಕ: ಬೆಳಿಗ್ಗೆಯೇ ಅಡುಗೆ ಮುಗಿಸಿ ಬಡಿಸಿಡುವುದು, ಚಿಕ್ಕಮಾವ ಬಂದ ಮೇಲೆ ಪೂಜೆ. ಸಾನಮಾವಿನ ಹತ್ತಿರ ಆನೆ ರಸ್ತೆಗೆ ಇಳಿದಿದೆಯಂತೆ, ಚಿಕ್ಕಮಾವನ ಬಸ್ಸು ಯಾವ ಹೊತ್ತಿಗೋ.

‘ಮೊದಲೇ ಬಡಿಸೋದು ಬೇಡ ಅತ್ತಿಗೆ. ಎಲ್ಲರೂ ಬರಲಿ. ಒಲೆಯಿಂದ ನೇರ ಎಲೆಗೆ.’

‘ಆರಾರು ಒಲೆ ಮೇಲೆ ಒಂದೇ ಸಲಕ್ಕೆ ಬೇಯಿಸ್ತೀಯಾ? ಹೋಟ್ಲು ಇಕ್ಕಿದೀಯಾ?’

‘ಮುದ್ದೆ ಕೊನೇಲಿ ತಿರುವ್ತೀನಿ. ಸಾರು ಕುದೀತಾ ಇರಲಿ.’

‘ಹೋದೋರ್ಗೆ ಬಿಸಿಯೇನೇ, ತಣ್ಣಗೇನೇ?’

ಆಗ ಸುಗುಣಾ ಸಿಸ್ಟರ್ ಹೇಳಿದ್ದನ್ನು ಹೇಳಿದೆ. ಅತ್ತಿಗೆ ಕೊತ್ತಂಬರಿ ಬಿಡಿಸುತ್ತಿದ್ದರು. ಬೇರು ಯಾವುದು ಎಲೆ ಯಾವುದು ನೋಡದೆ ಬಿಡಿಸುತ್ತಾ ಹೋದರು.

‘ನನ್ನ ಬಾಣಂತನದಾಗೂ ಹಂಗೇ, ನಂಗೆ ಬಿಸೀದು, ತನಗೆ ಆರಿದ್ದು’ ಅಂದರು. ಆಮೇಲೆ, ‘ಒಲೆ ಸಾಲ್ದಿದ್ರೆ ಪಕ್ಕದ ಮನೇಲಿ ಸಿಂಗಲ್ ಬರ್ನರ್ ಈಸ್ಕೊಂಡು ಬಾ. ಸುಮ್ನೆ ನಿಂತಿದೀಯಲ್ಲ.’

21 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ 4

ಎಲ್ಲರೂ ಮಲಗಿದ್ದಾರೆ. ಕೈಗೆ ಇನ್ನೂ ಮುದ್ದೆಯ ವಾಸನೆ.

ಚಿಕ್ಕಮಾವ ಬರುವ ಹೊತ್ತಿಗೆ ಒಂದು ದಾಟಿತ್ತು. ಅವರು ಕಾಲು ತೊಳೆಯುವಾಗ ಮುದ್ದೆ ತಿರುವಿದೆ. ಮಾವನ ಎಲೆಗೆ ಬೀಡಿ ಕಟ್ಟೂ ಬಂತು. ಅತ್ತೆಗೆ ಏನು ಇಷ್ಟವೆಂದು ಕಡೆಗೂ ಗೊತ್ತಾಗಲಿಲ್ಲ. ಮುದ್ದೆ, ಹುರುಳಿ ಸಾರು, ಅನ್ನ, ಕೋಳಿ. ಅತ್ತಿಗೆ ಒಬ್ಬಟ್ಟನ್ನು ಹಂಚಿನಿಂದ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಎಲೆಗೆ ಹಾಕಿದರು. ಎಲ್ಲೂ ಕಪ್ಪಿರಲಿಲ್ಲ. ಚಿಕ್ಕಮಾವ ಸೌಟು ಈಸಿಕೊಂಡು ಕೋಳಿ ಸಾರಿನಲ್ಲಿ ಹುಡುಕಿದರು. ತೊಡೆ ಪೀಸ್ ಸಿಕ್ಕಿತು. ನನ್ನ ಕಡೆ ನೋಡಲಿಲ್ಲ.

ಫೋಟೋದ ಗಾಜಿನ ಮೇಲೆ ಆವಿ ಹಿಡಿಯಿತು. ಬೀರೇಶ್ ಒರೆಸಲು ಹೋದ. ‘ಇರಲಿ ಬಿಡು’ ಅಂದೆ.

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಅವರು ನಮಗಿಂತ ಮೊದಲು ಉಣ್ಣುತ್ತಿರುವುದು, ನಾವು ಹಸಿದು ಹೊರಗೆ ಕಾಯುತ್ತಿರುವುದು... ಇದೇ ಮೊದಲು.

ಆಗ ಗೇಟು.

ಹಿಂದಿನ ಬೀದಿಯ ಹುಡುಗಿ. ಬಸುರಿಯಾಗಿದ್ದಾಗ ಅತ್ತೆ ಹತ್ತಿರ ಬರುತ್ತಿದ್ದವಳು. ಹೆರಿಗೆಗೆ ಫೆಬ್ರವರಿಯಲ್ಲೇ ಊರಿಗೆ ಹೋಗಿದ್ದಳು. ಕಂಕುಳಲ್ಲಿ ಮಗು, ಟೋಪಿ ಕಣ್ಣಿನ ಮೇಲೆ ಜಾರಿದೆ.

‘ಅಕ್ಕಾ, ನರ್ಸಮ್ಮ ಇದಾರಾ? ನಿನ್ನೆ ಬಂದೆ ತೌರಿಂದ. ಮಗೂನ ಮೊದ್ಲು ನಂಗೇ ತಂದು ತೋರಿಸ್ಬೇಕು ಅಂದಿದ್ರು.’

ಎಲ್ಲರೂ ನನ್ನ ಮುಖ ನೋಡಿದರು. ‘ಇಲ್ಲ’ ನಾಲಿಗೆಯ ಮೇಲೆ ಇತ್ತು.

‘ಊಟ ಮಾಡ್ತಿದಾರೆ’ ಅಂದೆ. ‘ಕೂತ್ಕೋಮ್ಮ. ಊಟ ಆಗ್ಲಿ.’

ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಬೀರೇಶ್ ಮುಖ ಆ ಕಡೆ ತಿರುಗಿಸಿದ. ಅತ್ತಿಗೆ ಒಂದು ಕ್ಷಣ ನನ್ನನ್ನು ದಿಟ್ಟಿಸಿ, ಜಗಲಿಯಲ್ಲಿ ಸರಿದು ಜಾಗ ಮಾಡಿದರು.

‘ಬಾ, ಕೂತ್ಕೋ. ಈಗ್ತಾನೆ ಕೂತವ್ಳೆ ನಮ್ಮಮ್ಮ. ಕೂಗಿದ್ರೂ ಏಳಾಕಿಲ್ಲ ಇವತ್ತು.’

‘ಕಾಯ್ತೀನಿ ಬಿಡಿ, ನಂಗೇನು ಅರ್ಜೆಂಟಿಲ್ಲ’ ಅಂದಳು ಹುಡುಗಿ. ಮಗುವಿನ ಟೋಪಿ ಸರಿ ಮಾಡಿದಳು. ಒಳಗಿನಿಂದ ಒಬ್ಬಟ್ಟಿನ ವಾಸನೆ. ಚಿಕ್ಕಮಾವ ಎರಡು ಸಲ ಕೆಮ್ಮಲು ಹೋದರು, ಒಳಗಿದ್ದವರಿಗೆ ತಿಳಿಯಲೆಂದು ಬಾಗಿಲು ತೆರೆಯುವ ಮುಂಚೆ ಕೆಮ್ಮಬೇಕಲ್ಲ. ಎರಡು ಸಲವೂ ಅತ್ತಿಗೆ ಕಣ್ಣಿನಲ್ಲೇ ತಡೆದರು. ಮಾಮೂಲಿಗಿಂತ ಬಹಳ ಹೊತ್ತು ಕೂತಿದ್ದೆವು.

ಆಮೇಲೆ ಬೀರೇಶ್ ಎದ್ದು ಬಾಗಿಲು ತಟ್ಟಿದ. ಹುಡುಗಿಗೆ ನಾನೇ ಹೇಳಿದೆ. ‘ಮಾರ್ಚಿನಲ್ಲಿ ತೀರಿಕೊಂಡರು’ ಅಂತಲೇ ಹೇಳಿದೆ. ಬಾಯಿಗೆ ಬಂತು. ಅವಳು ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಗಾಜಿನ ಮೇಲಿನ ಆವಿ ಇಳಿದಿತ್ತು. ಹುಡುಗಿ ಎಲೆಯ ಮುಂದೆ ಮಂಡಿಯೂರಿ, ಟೋಪಿ ತೆಗೆದು, ಮಗುವನ್ನು ಫೋಟೋದ ಮುಂದೆ ಎತ್ತಿ ಹಿಡಿದಳು.